ಸಾಗಣೆಯಲ್ಲಿ ಹಾಳಾದ ಸರಕಿಗೆ ಪರಿಹಾರ ಪಡೆಯುವ ಬಗೆ

ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತಿ ಬಂದ ಲಾರಿಯೊಂದು ಹಾಸನದ ಗೋದಾಮಿನ ಮುಂದೆ ನಿಂತಾಗ ಟಾರ್ಪಾಲಿನ ಮಡಿಕೆಗಳಲ್ಲಿ ಇನ್ನೂ ನೀರು ನಿಂತಿರುತ್ತದೆ, ಚಾಲಕನಿಗೆ ಮುಂದಿನ ಲೋಡಿನ ಅವಸರವಿರುತ್ತದೆ, ಹಮಾಲರು ಚೀಲ ಇಳಿಸಿ ಕೂಲಿ ಪಡೆದು ಹೊರಡುವ ತವಕದಲ್ಲಿರುತ್ತಾರೆ. ಆ ಅರ್ಧ ಗಂಟೆಯಲ್ಲಿ ನೀವು ಡೆಲಿವರಿ ಪ್ರತಿಯ ಮೇಲೆ ಏನು ಬರೆದು ಸಹಿ ಹಾಕುತ್ತೀರಿ ಎಂಬುದರ ಮೇಲೆ, ಮುಂದೆ ಪರಿಹಾರ ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ವಕೀಲರು, ವಿಮೆಗಾಗಿ ಹಾನಿಯನ್ನು ಅಂದಾಜು ಮಾಡುವ ಸರ್ವೇಯರು, ನ್ಯಾಯಾಲಯ ಎಲ್ಲರೂ ಆಮೇಲೆ ಬರುವವರು, ಮತ್ತು ಅವರೆಲ್ಲರೂ ಮೊದಲು ಕೇಳುವುದು ಆ ಒಂದು ಹಾಳೆಯನ್ನೇ.

ಹಾಸನದಲ್ಲಿ ಕಾಫಿ, ಮೆಣಸು ಮತ್ತು ತೋಟದ ಯಂತ್ರಗಳ ಸಾಗಣೆಯ ಕಾಗದಪತ್ರಗಳನ್ನು ನಾನು ಬಹಳ ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಈ ಪಾಠವನ್ನು ಕಲಿತದ್ದು ನಷ್ಟದಿಂದಲೇ. ಆರಂಭದ ದಿನಗಳಲ್ಲಿ ಬೆಂಗಳೂರಿನಿಂದ ಒಂದು ಕಾಫಿ ಪಲ್ಪರ್ ಮರದ ಪೆಟ್ಟಿಗೆಯಲ್ಲಿ ಬಂದಿತ್ತು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿ ಹೋಗಿತ್ತು, ಅಲ್ಲಿನ ಎರಡು ಮೊಳೆಗಳು ಹೊರಗೆ ಬಂದಿದ್ದವು. ಸಂಜೆಯ ಹೊತ್ತು, ಜೋರು ಮಳೆ, ಚಾಲಕನ ಒತ್ತಾಯ ಎಲ್ಲವೂ ಸೇರಿ, ನಾನು ‘ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಸಹಿ ಹಾಕಿ ಕಳುಹಿಸಿಬಿಟ್ಟೆ. ಎರಡು ದಿನ ಬಿಟ್ಟು ಪೆಟ್ಟಿಗೆ ಬಿಚ್ಚಿದಾಗ ಎರಕದ ಕಬ್ಬಿಣದ ಒಂದು ಬದಿ ಸೀಳು ಬಿಟ್ಟಿತ್ತು. ಪತ್ರ ಬರೆದೆವು, ಫೋನು ಮಾಡಿದೆವು. ಪ್ರತಿ ಸಲವೂ ಅವರು ನನ್ನ ಸಹಿಯಿರುವ ಪ್ರತಿಯನ್ನೇ ಕಳುಹಿಸಿದರು. ಒಂದು ರೂಪಾಯಿಯೂ ಬರಲಿಲ್ಲ. ಆ ತಪ್ಪು ಬೇರೆಯವರಿಂದ ಆಗಬಾರದೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಸರಕು ಹೊರಡುವ ಮುನ್ನ

ರಸ್ತೆಯ ಮೂಲಕ ಹೋಗುವ ಸರಕಿಗೆ ಇಂದು ಅನ್ವಯಿಸುವುದು 2007ರ ರಸ್ತೆ ಸಾಗಣೆ ಕಾಯ್ದೆ. 1865ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ ಇದು, 2011ರ ನಿಯಮಗಳೊಂದಿಗೆ ಜಾರಿಯಲ್ಲಿದೆ. ಇದರ ಪ್ರಕಾರ ಸರಕು ಕಳುಹಿಸುವವರು ಸರಕಿನ ವಿವರ, ತೂಕ ಮತ್ತು ಮೌಲ್ಯವನ್ನು ತಿಳಿಸುವ ಒಂದು ಚೀಟಿಯನ್ನು ಸಾರಿಗೆದಾರರಿಗೆ ಬರೆದುಕೊಡಬೇಕು. ಸಾರಿಗೆದಾರರು ಅದಕ್ಕೆ ಪ್ರತಿಯಾಗಿ ರಸೀದಿ ಕೊಡಬೇಕು. ನಾವೆಲ್ಲ ಎಲ್‌ಆರ್ ಎಂದು ಕರೆಯುವುದು ಈ ರಸೀದಿಯನ್ನೇ. ನಮ್ಮ ಕಡೆ ಮೊದಲನೆಯ ಚೀಟಿಯನ್ನು ಬರೆಯುವವರೇ ಅಪರೂಪ. ಫೋನಿನಲ್ಲಿ ಹೇಳಿದ್ದನ್ನು ಬುಕಿಂಗ್ ಗುಮಾಸ್ತರು ಎಲ್‌ಆರ್‌ನಲ್ಲಿ ತಮಗೆ ತೋಚಿದಂತೆ ತುಂಬುತ್ತಾರೆ, ನಾವು ಓದದೆ ಜೇಬಿಗೆ ಹಾಕಿಕೊಳ್ಳುತ್ತೇವೆ.

ಓದಲೇಬೇಕಾದ ಅಂಶಗಳು ಕೆಲವಿವೆ. ಚೀಲಗಳ ಅಥವಾ ಪೆಟ್ಟಿಗೆಗಳ ಸಂಖ್ಯೆ ಮತ್ತು ತೂಕ ಸರಿಯಾಗಿದೆಯೇ ಎಂದು ನೋಡಿ, ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಆ ವಿವರಗಳಿಗೆ ಮೇಲ್ನೋಟದ ಸಾಕ್ಷ್ಯವೆಂದರೆ ಎಲ್‌ಆರ್. ‘ಒಂದು ಲಾಟ್ ಸಾಮಾನು’ ಎಂದು ಬರೆದಿದ್ದರೆ ನಲವತ್ತು ಚೀಲ ಕೊಟ್ಟೆವೆಂದು ಆಮೇಲೆ ಸಾಬೀತುಪಡಿಸುವುದು ಕಷ್ಟ. ಸರಕಿನ ಮೌಲ್ಯ ನಿಮ್ಮ ಬಿಲ್ಲಿಗೆ ತಾಳೆಯಾಗಬೇಕು. ಬಾಡಿಗೆಯ ಕಾಲಂನಲ್ಲಿ ‘ಬಿಲ್ ಪ್ರಕಾರ’ ಎಂದೋ ‘ಒಪ್ಪಿದಂತೆ’ ಎಂದೋ ಬರೆಯಲು ಬಿಡದೆ ರೂಪಾಯಿಯ ಅಂಕಿಯನ್ನೇ ಬರೆಸಿಕೊಳ್ಳಿ. ಇದಕ್ಕೆ ಬಲವಾದ ಕಾರಣವಿದೆ.

ನಿಯಮದ ಪ್ರಕಾರ, ಸರಕು ಹಾಳಾದರೆ ಸಾರಿಗೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ 45,000 ರೂಪಾಯಿಯ ಕಾಫಿ ಬೀಸುವ ಯಂತ್ರವೊಂದನ್ನು 700 ರೂಪಾಯಿ ಬಾಡಿಗೆಗೆ ಕಳುಹಿಸಿದಿರಿ ಎಂದುಕೊಳ್ಳಿ. ಯಂತ್ರ ಪೂರ್ತಿ ಪುಡಿಯಾದರೂ ಸಾರಿಗೆದಾರರ ಹೊಣೆ 7,000 ರೂಪಾಯಿಗೆ ನಿಲ್ಲುತ್ತದೆ. ಈ ಮಿತಿಯನ್ನು ಮೀರಬೇಕಾದರೆ ಬುಕಿಂಗ್ ಸಮಯದಲ್ಲೇ ಹೆಚ್ಚಿನ ಹೊಣೆಯ ದರವನ್ನು ಕೊಡಲು ಒಪ್ಪಿ ಅದನ್ನು ಕಾಗದದಲ್ಲಿ ನಮೂದಿಸಿರಬೇಕು. ಮೌಲ್ಯವನ್ನು ಬರೆದ ಮಾತ್ರಕ್ಕೆ ಮಿತಿ ತಪ್ಪಿತೆಂದು ಹಲವರು ನಂಬಿದ್ದಾರೆ, ಹಾಗಲ್ಲ. ಭಾರವಾದ, ಅಗ್ಗದ ಸರಕಿಗೆ ಹತ್ತು ಪಟ್ಟು ಸಾಕಾಗಬಹುದು. ಹಗುರವಾದ, ಬೆಲೆಬಾಳುವ ಸರಕಿಗೆ, ಅಂದರೆ ಏಲಕ್ಕಿ, ಯಂತ್ರದ ಬಿಡಿಭಾಗ, ವಿದ್ಯುತ್ ಉಪಕರಣಗಳಿಗೆ ಅದು ಏನೇನೂ ಸಾಲದು.

ಆದ್ದರಿಂದ ಬೆಲೆಬಾಳುವ ಸರಕಿಗೆ ಸಾಗಣೆ ವಿಮೆ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲೂ ಪಾಲಿಸಿಯ ಯಾವ ಷರತ್ತು ನಿಮ್ಮದೆಂದು ನೋಡಿಕೊಳ್ಳಬೇಕು. ದೇಶದೊಳಗಿನ ರೈಲು ಮತ್ತು ರಸ್ತೆ ಸಾಗಣೆಗೆ ‘ಎ’, ‘ಬಿ’, ‘ಸಿ’ ಎಂಬ ಮೂರು ಬಗೆಯ ಷರತ್ತುಗಳಿವೆ. ‘ಸಿ’ಯಲ್ಲಿ ಬೆಂಕಿ ಮತ್ತು ಸಿಡಿಲು ಮಾತ್ರ. ‘ಬಿ’ಯಲ್ಲಿ ಅವುಗಳ ಜೊತೆಗೆ ವಾಹನದ ಡಿಕ್ಕಿ, ಮಗುಚುವಿಕೆ, ಸೇತುವೆ ಕುಸಿತ, ರೈಲು ಹಳಿ ತಪ್ಪುವಿಕೆ ಸೇರುತ್ತವೆ. ಘಾಟಿಯ ಮಳೆಗೆ ಚೀಲ ನೆನೆದರೆ ಈ ಎರಡರಲ್ಲೂ ಹಣ ಬರುವುದಿಲ್ಲ. ಅದಕ್ಕೆ ‘ಎ’ ಬೇಕು. ಸಕಲೇಶಪುರದಲ್ಲಿಯೂ ಮೂಡಿಗೆರೆಯಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಕು ಸಾಗಿಸುವವರು ‘ಬಿ’ ಪಾಲಿಸಿ ಕೊಂಡು ನೆಮ್ಮದಿಯಿಂದಿರುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇಡೀ ಲಾರಿಯನ್ನು ಬ್ರೋಕರ್ ಮೂಲಕ ಹಿಡಿಯುವವರಿಗೆ ಇನ್ನೊಂದು ಮಾತು. ಏನಾದರೂ ಆದಾಗ ಬ್ರೋಕರು ‘ನಾವು ಬರೀ ಲಾರಿ ಕೊಡಿಸಿದವರು’ ಎನ್ನುತ್ತಾರೆ, ಲಾರಿ ಮಾಲೀಕರು ‘ನಮಗೂ ನಿಮಗೂ ವ್ಯವಹಾರವೇ ಇಲ್ಲ’ ಎನ್ನುತ್ತಾರೆ. ಯಾರು ಬಾಡಿಗೆ ಪಡೆಯುತ್ತಾರೋ ಅವರ ಹೆಸರಿನ, ಅವರ ನೋಂದಣಿ ಸಂಖ್ಯೆಯಿರುವ ಎಲ್‌ಆರ್ ಕೈಗೆ ಬರದೆ ಲಾರಿಯನ್ನು ಗೇಟಿನಿಂದ ಹೊರಗೆ ಬಿಡಬೇಡಿ.

ಲಾರಿ ಬಂದು ನಿಂತಾಗ

ಟಾರ್ಪಾಲು ಬಿಚ್ಚುವ ಮೊದಲೇ ಫೋಟೊ ತೆಗೆಯಲು ಆರಂಭಿಸಿ. ಮೊದಲ ಚಿತ್ರದಲ್ಲಿ ಲಾರಿಯ ನಂಬರ್ ಪ್ಲೇಟ್ ಕಾಣಬೇಕು, ಎರಡನೆಯದರಲ್ಲಿ ಟಾರ್ಪಾಲು ಹೇಗಿದೆ, ಎಲ್ಲಿ ಹರಿದಿದೆ, ಹಗ್ಗ ಎಲ್ಲಿ ಸಡಿಲವಾಗಿದೆ ಎಂಬುದು ಕಾಣಬೇಕು. ಟಾರ್ಪಾಲು ಸರಿಸಿದ ಮೇಲೆ ಚೀಲಗಳು ಇದ್ದ ಜಾಗದಲ್ಲೇ ಇರುವಾಗ ಮತ್ತೆ ತೆಗೆಯಿರಿ. ಒದ್ದೆಯಾದ ಚೀಲ ಯಾವ ಸಾಲಿನಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ: ಮೇಲಿನ ಸಾಲು ಮಾತ್ರ ನೆನೆದಿದ್ದರೆ ಟಾರ್ಪಾಲಿನ ತೂತು, ಕೆಳಗಿನ ಸಾಲು ನೆನೆದಿದ್ದರೆ ಲಾರಿಯ ತಳದ ಹಲಗೆಯಲ್ಲಿ ನೀರು ನಿಂತದ್ದು ಅಥವಾ ಕೆಳಗೆ ಹಾಸು ಹಾಕದೆ ಲೋಡ್ ಮಾಡಿದ್ದು, ಒಂದೇ ಬದಿ ನೆನೆದಿದ್ದರೆ ಬಾಗಿಲ ಸಂದಿ. ಕೆಳಗಿಳಿಸಿ ರಾಶಿ ಹಾಕಿದ ಮೇಲೆ ಈ ಸಾಕ್ಷ್ಯ ಕಳೆದುಹೋಗುತ್ತದೆ. ಹಮಾಲರಿಗೆ ಐದು ನಿಮಿಷ ಕಾಯಲು ಹೇಳುವುದರಲ್ಲಿ ಸಂಕೋಚ ಬೇಡ.

ಆಮೇಲೆ ಎಣಿಕೆ. ಇಳಿಸುತ್ತಿರುವಾಗಲೇ ಒಬ್ಬರು ಪುಸ್ತಕ ಹಿಡಿದು ನಿಂತು ಎಣಿಸಲಿ. ಒದ್ದೆಯಾದ, ಹರಿದ, ಹೊಲಿಗೆ ಬಿಚ್ಚಿದ ಚೀಲಗಳನ್ನು ಬೇರೆ ಕಡೆ ಜೋಡಿಸಿ, ಅವುಗಳ ಮೇಲಿನ ಗುರುತು ಮತ್ತು ಲಾಟ್ ಸಂಖ್ಯೆಯನ್ನು ಬರೆದುಕೊಳ್ಳಿ. ಸಂಶಯವಿದ್ದ ಚೀಲಗಳನ್ನು ಚಾಲಕನ ಎದುರಿಗೇ ತೂಗಿ. ಕಾಫಿಯಾಗಲಿ ಮೆಣಸಾಗಲಿ ಇದ್ದರೆ ತೇವಾಂಶ ಮಾಪಕವನ್ನು ಒದ್ದೆ ಚೀಲಕ್ಕೂ ಒಣ ಚೀಲಕ್ಕೂ ಇಟ್ಟು ಎರಡೂ ಅಂಕಿಗಳನ್ನು ಬರೆಯಿರಿ, ಮಾಪಕದ ಪರದೆಯ ಫೋಟೊ ತೆಗೆಯಿರಿ. ಒಣ ಚೀಲದ ಅಂಕಿ ಏಕೆ ಬೇಕೆಂದರೆ, ಸರಕು ಹೊರಡುವಾಗಲೇ ಹಸಿಯಾಗಿತ್ತೆಂಬ ವಾದಕ್ಕೆ ಅದೊಂದೇ ನೇರವಾದ ಉತ್ತರ.

ಈಗ ಆ ಹಾಳೆ. ಡೆಲಿವರಿ ಪ್ರತಿಯ ಮೇಲೆ ‘ಪರಿಶೀಲನೆಗೆ ಒಳಪಟ್ಟು ಪಡೆಯಲಾಗಿದೆ’ ಎಂದಷ್ಟೇ ಬರೆಯುವ ರೂಢಿ ನಮ್ಮಲ್ಲಿದೆ. ಆ ಮಾತಿನಿಂದ ನಿಮಗೆ ಸಿಗುವ ರಕ್ಷಣೆ ತೀರ ಕಡಿಮೆ, ಏಕೆಂದರೆ ಅದು ಹಾನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಏನು ಕಂಡಿತೋ ಅದನ್ನೇ ಬರೆಯಿರಿ. ಉದಾಹರಣೆಗೆ: ‘40 ಚೀಲಗಳ ಪೈಕಿ 3 ಚೀಲ ಮಳೆನೀರಿನಿಂದ ಒದ್ದೆ. ಟಾರ್ಪಾಲಿನ ಎಡ ಮುಂಭಾಗದಲ್ಲಿ ಸುಮಾರು ಒಂದು ಅಡಿ ಹರಿದಿದೆ. ಚೀಲದ ಗುರುತು 11, 12, 17. ಚಾಲಕರ ಸಮಕ್ಷಮದಲ್ಲಿ ನೋಡಲಾಗಿದೆ.’ ಅದರ ಕೆಳಗೆ ದಿನಾಂಕ, ಸಮಯ, ನಿಮ್ಮ ಸಹಿ, ಮತ್ತು ಚಾಲಕನ ಸಹಿ. ಈ ಷರಾ ನಿಮ್ಮ ಬಳಿ ಉಳಿಯುವ ಪ್ರತಿಯಲ್ಲಿ ಮಾತ್ರವಲ್ಲದೆ ಚಾಲಕ ಹಿಂದಕ್ಕೆ ಒಯ್ಯುವ ಪ್ರತಿಯ ಮೇಲೂ ಇರಬೇಕು. ಅದನ್ನು ಒಯ್ಯುವ ಮುನ್ನ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಚಾಲಕ ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ. ‘ಚಾಲಕರು ಸಹಿ ಮಾಡಲು ನಿರಾಕರಿಸಿದರು’ ಎಂದು ಬರೆದು, ಅಲ್ಲಿದ್ದ ಇಬ್ಬರ ಸಹಿ ಹಾಕಿಸಿ, ಆ ಕ್ಷಣವೇ ಬುಕಿಂಗ್ ಮಾಡಿದ ಟ್ರಾನ್ಸ್‌ಪೋರ್ಟ್ ಆಫೀಸಿಗೆ ವಾಟ್ಸಾಪ್‌ನಲ್ಲಿ ಫೋಟೊಗಳನ್ನೂ ಇಮೇಲ್‌ನಲ್ಲಿ ಎರಡು ಸಾಲಿನ ಸುದ್ದಿಯನ್ನೂ ಕಳುಹಿಸಿ. ಪಾಪ, ಚಾಲಕನ ಸಂಬಳದಿಂದ ಹಣ ಹಿಡಿಯುತ್ತಾರೆಂಬ ಭಯ ಅವನದು. ಅವನ ಮೇಲೆ ಕೂಗಾಡುವುದರಿಂದ ನಿಮ್ಮ ಕ್ಲೇಮಿಗೆ ಏನೂ ಸೇರುವುದಿಲ್ಲ.

ಹೊರಗೆ ಸರಿಯಾಗಿ ಕಂಡು ಒಳಗೆ ಹಾಳಾಗಿರುವ ಸರಕೂ ಇರುತ್ತದೆ. ಪೆಟ್ಟಿಗೆಯಲ್ಲಿ ಬಂದದ್ದನ್ನು ಅದೇ ದಿನ ಬಿಚ್ಚಿ ನೋಡಿ. ಬಿಚ್ಚುವಾಗ ನಿರಂತರ ವೀಡಿಯೊ ಮಾಡಿ, ಹಾನಿ ಕಂಡ ಕೂಡಲೇ ನಿಲ್ಲಿಸಿ ಬರವಣಿಗೆಯಲ್ಲಿ ತಿಳಿಸಿ, ಪೆಟ್ಟಿಗೆ, ಥರ್ಮಾಕೋಲು, ಪಟ್ಟಿ ಯಾವುದನ್ನೂ ಎಸೆಯಬೇಡಿ. ಪ್ಯಾಕಿಂಗ್ ಸರಿಯಿರಲಿಲ್ಲ ಎಂಬುದು ಮೊದಲು ಬರುವ ಆಕ್ಷೇಪಣೆ, ಅದಕ್ಕೆ ಉತ್ತರ ಆ ಖಾಲಿ ಪೆಟ್ಟಿಗೆಯಲ್ಲಿರುತ್ತದೆ.

ಹಾಳಾದ ಸರಕನ್ನು ಏನು ಮಾಡಬೇಕು

ವಿಮೆಯಿದ್ದರೆ ಅದೇ ದಿನ ವಿಮಾ ಕಂಪನಿಗೆ ತಿಳಿಸಿ ಸರ್ವೇಯರನ್ನು ಕೇಳಿ. ಅವರು ಬರುವವರೆಗೆ ಹಾಳಾದ ಸರಕನ್ನು ಬೇರೆ ಇಡಬೇಕು, ಆದರೆ ಕೈಕಟ್ಟಿ ಕೂರಬಾರದು. ನಷ್ಟ ಇನ್ನೂ ಹೆಚ್ಚದಂತೆ ನೋಡಿಕೊಳ್ಳುವುದು ಸರಕಿನವರ ಕರ್ತವ್ಯವೆಂದು ಕಾನೂನೂ ಹೇಳುತ್ತದೆ, ವ್ಯವಹಾರಜ್ಞಾನವೂ ಹೇಳುತ್ತದೆ. ಒದ್ದೆಯಾದ ಮೆಣಸನ್ನು ಗೋಣಿಯಲ್ಲೇ ನಾಲ್ಕು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಮತ್ತು ಆ ಬೂಷ್ಟಿನ ನಷ್ಟವನ್ನು ನಿಮ್ಮ ತಲೆಗೇ ಕಟ್ಟುತ್ತಾರೆ. ಆದ್ದರಿಂದ ಪ್ರತಿ ಚೀಲದಿಂದ ಒಂದು ಕೆಜಿಯಷ್ಟು ಮಾದರಿಯನ್ನು ಮುಚ್ಚಿ ಗುರುತು ಹಾಕಿ ತೆಗೆದಿಟ್ಟು, ಉಳಿದದ್ದನ್ನು ಒಣಗಿಸುವುದಾಗಿ ಸಾರಿಗೆದಾರರಿಗೂ ವಿಮಾ ಕಂಪನಿಗೂ ಬರೆದು ತಿಳಿಸಿ, ಒಣಗಿಸಲು ಆರಂಭಿಸಿ. ಅದರ ಕೂಲಿಯ ರಸೀದಿಯನ್ನು ಜೋಪಾನ ಮಾಡಿ.

ಪ್ರತಿ ವರ್ಷ ಮುಂಗಾರಿಗೆ ಮುನ್ನ ಪಂಜಾಬಿನಿಂದ ಹಾಸನಕ್ಕೆ ಬರುವ ಬಿತ್ತನೆ ಆಲೂಗೆಡ್ಡೆಯ ವಿಷಯ ಬೇರೆ. ಬೇಸಿಗೆಯ ಬಿಸಿಲಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿದ ಗೆಡ್ಡೆ ಕೊಳೆತು ಬಂದಾಗ, ಸರಕಿನ ಸ್ವಭಾವದಿಂದಲೇ ಆದ ಹಾನಿಗೆ ತಾವು ಹೊಣೆಯಲ್ಲವೆಂದು ಸಾರಿಗೆದಾರರು ಹೇಳುತ್ತಾರೆ. ಲಾರಿ ಕೆಟ್ಟು ದಾರಿಯಲ್ಲಿ ಎರಡು ದಿನ ನಿಂತದ್ದರಿಂದ ಕೊಳೆಯಿತೋ, ಗಾಳಿಯಾಡದಂತೆ ಟಾರ್ಪಾಲು ಬಿಗಿದದ್ದರಿಂದ ಕೊಳೆಯಿತೋ, ಶೀತಲಗೃಹದಿಂದ ಹೊರಡುವಾಗಲೇ ರೋಗವಿತ್ತೋ ಎಂಬುದನ್ನು ಬಿಡಿಸಿ ಹೇಳಬಲ್ಲವರ ವರದಿ ಇಲ್ಲಿ ನಿರ್ಣಾಯಕ. ಗೆಡ್ಡೆಯನ್ನು ಎಸೆಯುವ ಮೊದಲು ತೋಟಗಾರಿಕೆ ಅಧಿಕಾರಿಗಳಿಂದ ಲಿಖಿತ ಪರಿಶೀಲನಾ ಪತ್ರ ಕೇಳಿ, ಲಾರಿ ಹೊರಟ ಮತ್ತು ತಲುಪಿದ ದಿನಗಳನ್ನು ಇ-ವೇ ಬಿಲ್ಲಿನಿಂದಲೂ ಫಾಸ್ಟ್ಯಾಗ್ ದಾಖಲೆಯಿಂದಲೂ ತೋರಿಸಲು ಸಾಧ್ಯವೇ ನೋಡಿ.

ನೋಟಿಸು ಮತ್ತು 180 ದಿನಗಳು

2007ರ ಕಾಯ್ದೆಯ 16ನೇ ಕಲಂ ಎಲ್ಲಕ್ಕಿಂತ ಮುಖ್ಯ. ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾರಿಗೆದಾರರಿಗೆ ಲಿಖಿತ ನೋಟಿಸು ತಲುಪಿರದಿದ್ದರೆ, ನಷ್ಟಕ್ಕಾಗಿ ಅವರ ಮೇಲೆ ದಾವೆ ಹೂಡುವ ಹಾಗೆಯೇ ಇಲ್ಲ. ಲೆಕ್ಕ ಆರಂಭವಾಗುವುದು ಬುಕಿಂಗ್ ದಿನದಿಂದ. ಸರಕು ತಲುಪಿದ ದಿನದಿಂದಲೋ ಹಾನಿ ಗೊತ್ತಾದ ದಿನದಿಂದಲೋ ಅಲ್ಲ. 2025ರ ಜೂನ್ 10ರಂದು ಬುಕ್ ಮಾಡಿದ ಸರಕಿಗೆ ಡಿಸೆಂಬರ್ 7ಕ್ಕೆ ಅವಧಿ ಮುಗಿಯುತ್ತದೆ. ‘ನೋಡೋಣ, ಹೆಡ್ ಆಫೀಸಿಗೆ ಕಳುಹಿಸಿದ್ದೇವೆ, ಮುಂದಿನ ತಿಂಗಳು ಆಗುತ್ತದೆ’ ಎಂಬ ಸೌಮ್ಯವಾದ ಮಾತುಗಳಲ್ಲಿ ಆರು ತಿಂಗಳು ಕಳೆದುಹೋದ ಕಡತಗಳನ್ನು ನಾನು ಒಂದಲ್ಲ, ಹಲವು ನೋಡಿದ್ದೇನೆ. ಮಾತುಕತೆ ನಡೆಯುತ್ತಿದ್ದರೂ ಹದಿನೈದು ದಿನಗಳೊಳಗೆ ನೋಟಿಸು ಕಳುಹಿಸಿಬಿಡಿ. ಸಂಬಂಧ ಅದರಿಂದ ಕೆಡುವುದಿಲ್ಲ.

ವಕೀಲರ ಮೂಲಕವೇ ಕಳುಹಿಸಬೇಕೆಂದಿಲ್ಲ. ಕನ್ನಡದಲ್ಲಿ ಹೀಗೆ ಬರೆದರೆ ಸಾಕು:

‘ದಿನಾಂಕ ........ ರಂದು ನಿಮ್ಮ ........ ಶಾಖೆಯಲ್ಲಿ ಎಲ್‌ಆರ್ ಸಂಖ್ಯೆ ........ ರ ಮೂಲಕ ಬುಕ್ ಮಾಡಿದ, ನಮ್ಮ ಬಿಲ್ ಸಂಖ್ಯೆ ........ ರಲ್ಲಿ ನಮೂದಾಗಿರುವ 40 ಚೀಲ ಕರಿಮೆಣಸು ದಿನಾಂಕ ........ ರಂದು ಲಾರಿ ಸಂಖ್ಯೆ ........ ರಲ್ಲಿ ತಲುಪಿದಾಗ, ಅದರಲ್ಲಿ 3 ಚೀಲಗಳು ಮಳೆನೀರಿನಿಂದ ಹಾನಿಗೊಂಡಿದ್ದವು. ಈ ಸಂಗತಿಯನ್ನು ಡೆಲಿವರಿ ಪ್ರತಿಯ ಮೇಲೆ ಅಂದೇ ನಮೂದಿಸಲಾಗಿದೆ. ರಸ್ತೆ ಸಾಗಣೆ ಕಾಯ್ದೆ, 2007ರ 16ನೇ ಕಲಂ ಪ್ರಕಾರ ಇದನ್ನು ನಷ್ಟದ ನೋಟಿಸು ಎಂದು ಪರಿಗಣಿಸಬೇಕು. ನಷ್ಟದ ಅಂದಾಜು ಮೊತ್ತ ........ ರೂಪಾಯಿ, ಅಂತಿಮ ಲೆಕ್ಕವನ್ನು ಸರ್ವೇ ವರದಿ ಬಂದ ಮೇಲೆ ಸಲ್ಲಿಸಲಾಗುವುದು. ಹಾನಿಗೊಂಡ ಸರಕನ್ನು ಈ ಪತ್ರ ತಲುಪಿದ ಏಳು ದಿನಗಳೊಳಗೆ ನಿಮ್ಮ ಪ್ರತಿನಿಧಿ ಬಂದು ನೋಡಬಹುದು.’

ಇದನ್ನು ಬುಕಿಂಗ್ ಶಾಖೆಗೂ ಎಲ್‌ಆರ್ ಮೇಲೆ ಅಚ್ಚಾಗಿರುವ ಮುಖ್ಯ ಕಚೇರಿಗೂ ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಇಮೇಲ್ ಜೊತೆಗಿರಲಿ, ಅದರ ಬದಲಿಗೆ ಬೇಡ. ಅಂತಿಮ ಮೊತ್ತ ಗೊತ್ತಿಲ್ಲವೆಂದು ನೋಟಿಸನ್ನು ತಡಮಾಡುವವರು ಹಲವರು, ಅಂದಾಜು ಸಾಕು.

ಮೊತ್ತದ ಲೆಕ್ಕ

ಉಬ್ಬಿಸಿದ ಲೆಕ್ಕದಿಂದ ಕ್ಲೇಮು ನಿಧಾನವಾಗುತ್ತದೆಯೇ ಹೊರತು ಹೆಚ್ಚು ಹಣ ಬರುವುದಿಲ್ಲ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚೀಲಕ್ಕೆ 50 ಕೆಜಿ, ಬಿಲ್ಲಿನಲ್ಲಿ ಕೆಜಿಗೆ 600 ರೂಪಾಯಿ ಎಂದಿಟ್ಟುಕೊಂಡರೆ ಮೂರು ಚೀಲಗಳ ಬೆಲೆ 90,000 ರೂಪಾಯಿ. ಒಣಗಿಸಿ ಜರಡಿ ಹಿಡಿದ ಮೇಲೆ 130 ಕೆಜಿ ಉಳಿದು, ಬಣ್ಣ ಕೆಟ್ಟ ಕಾರಣ ಕೆಜಿಗೆ 450ರಂತೆ ಮಾರಾಟವಾಗಿ 58,500 ಬಂತು. ನಿಜವಾದ ನಷ್ಟ 31,500. ಇದಕ್ಕೆ ಒಣಗಿಸಿದ ಕೂಲಿ 1,500 ಸೇರಿಸಿ. ಒಟ್ಟು ಬಾಡಿಗೆ 6,000 ರೂಪಾಯಿ ಆಗಿದ್ದರೆ ಚೀಲಕ್ಕೆ 150ರಂತೆ ಮೂರು ಚೀಲದ ಬಾಡಿಗೆ 450. ಕ್ಲೇಮಿನ ಮೊತ್ತ 33,450. ಬಾಡಿಗೆಯ ಹತ್ತು ಪಟ್ಟು 60,000 ಆಗುವುದರಿಂದ ಈ ಮೊತ್ತ ಮಿತಿಯೊಳಗೇ ಇದೆ. ಹಾಳಾದ ಸರಕನ್ನು ಮಾರುವಾಗ ಇಬ್ಬರು ಮೂವರು ವ್ಯಾಪಾರಿಗಳಿಂದ ಲಿಖಿತ ದರ ಪಡೆದು ಹೆಚ್ಚಿಗೆ ಕೊಟ್ಟವರಿಗೆ ಮಾರಿದರೆ, ಕಡಿಮೆಗೆ ಕೊಟ್ಟಿರೆಂಬ ಮಾತು ಬರುವುದಿಲ್ಲ.

ಜಿಎಸ್‌ಟಿಯನ್ನು ಇಲ್ಲಿ ಮರೆಯುವವರೇ ಹೆಚ್ಚು. ಸರಕು ಪೂರ್ತಿ ನಾಶವಾಗಿ ಎಸೆಯಬೇಕಾಗಿ ಬಂದರೆ, ಅದರ ಮೇಲೆ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನು (ಕೊಳ್ಳುವಾಗ ಕೊಟ್ಟ ತೆರಿಗೆಯ ಕ್ರೆಡಿಟ್) ಜಿಎಸ್‌ಟಿ ಕಾಯ್ದೆಯ 17(5)ನೇ ಕಲಂ ಪ್ರಕಾರ ಹಿಂದಿರುಗಿಸಬೇಕಾಗುತ್ತದೆ. ಹಾಗೆ ಹಿಂದಿರುಗಿಸಿದ ತೆರಿಗೆಯೂ ನಿಮ್ಮ ನಷ್ಟವೇ ಆದ್ದರಿಂದ ಅದನ್ನು ಕ್ಲೇಮಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ, ಲೆಕ್ಕಪರಿಶೋಧಕರ ಪತ್ರ ಲಗತ್ತಿಸಿ.

ಸಾರಿಗೆದಾರರು ಕೊಡುವ ಉತ್ತರಗಳು

‘ಸರಕು ಮಾಲೀಕರ ಹೊಣೆ’ ಎಂಬ ಮುದ್ರೆ ಎಲ್‌ಆರ್ ಮೇಲಿದೆ, ಆದ್ದರಿಂದ ನಮ್ಮ ಹೊಣೆಯಿಲ್ಲ ಎಂಬುದು ಸಾಮಾನ್ಯವಾಗಿ ಬರುವ ಮೊದಲ ಉತ್ತರ. ಆ ಮುದ್ರೆಯಿಂದ ಸಾರಿಗೆದಾರರು ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟ್ 2000ದಲ್ಲಿ, ಹಳೆಯ ಕಾಯ್ದೆಯಡಿಯಲ್ಲೇ ಹೇಳಿದೆ. ಅದಕ್ಕಿಂತಲೂ ಮುಖ್ಯವಾದದ್ದೆಂದರೆ, ನಿರ್ಲಕ್ಷ್ಯವಾಗಿದೆಯೆಂದು ಸಾಬೀತುಪಡಿಸುವ ಭಾರ ಸರಕಿನವರ ಮೇಲಿಲ್ಲ. ಸರಕು ಸುಸ್ಥಿತಿಯಲ್ಲಿ ಒಪ್ಪಿಸಿದ್ದನ್ನೂ ಹಾಳಾಗಿ ತಲುಪಿದ್ದನ್ನೂ ತೋರಿಸಿದರೆ, ತಮ್ಮ ತಪ್ಪಿಲ್ಲವೆಂದು ಹೇಳುವ ಹೊಣೆ ಸಾರಿಗೆದಾರರದು.

ಎರಡನೆಯ ಉತ್ತರ, ದೈವಿಕ ವಿಕೋಪ. ಪ್ರಕೃತಿಯ ವಿಕೋಪ, ಯುದ್ಧ, ಗಲಭೆ, ಸರ್ಕಾರದ ಜಪ್ತಿ ಅಥವಾ ನಿರ್ಬಂಧ ಮುಂತಾದ ಕಾರಣಗಳಿಗೆ ಕಾಯ್ದೆಯ 17ನೇ ಕಲಂ ವಿನಾಯಿತಿ ಕೊಡುವುದು ನಿಜ. ಆದರೆ ತಕ್ಕ ಎಚ್ಚರಿಕೆ ವಹಿಸಿದ್ದರೆ ತಪ್ಪಿಸಬಹುದಾಗಿದ್ದ ಹಾನಿಗೆ ಆ ವಿನಾಯಿತಿ ಸಿಗದೆಂದೂ ಅದೇ ಕಲಂ ಹೇಳುತ್ತದೆ. ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿ ಮಳೆ ಸುರಿಯುವುದು ಯಾರಿಗೂ ಅನಿರೀಕ್ಷಿತವಲ್ಲ. ಗುಡ್ಡ ಕುಸಿದು ಲಾರಿಯೇ ಮಣ್ಣಿನಡಿ ಸಿಕ್ಕರೆ ಅದು ಒಂದು ವಿಷಯ. ರಸ್ತೆ ಮುಚ್ಚಿ ಲಾರಿ ಒಂದು ರಾತ್ರಿ ಸಕಲೇಶಪುರದಲ್ಲಿ ನಿಂತಿದ್ದಾಗ ಹರಿದ ಟಾರ್ಪಾಲಿನಿಂದ ನೀರು ಇಳಿದರೆ ಅದು ಟಾರ್ಪಾಲಿನ ತಪ್ಪು. ನಿಮ್ಮ ಷರಾದಲ್ಲಿ ಟಾರ್ಪಾಲಿನ ತೂತನ್ನು ಬರೆದಿದ್ದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

ರೈಲು, ವಿಮಾನ, ಹಡಗು

ರೈಲಿನಲ್ಲಿ ಬಂದ ಸರಕು ಹಾಳಾಗಿ ಕಂಡರೆ ಅಥವಾ ಕೈಯಾಡಿಸಿದ ಗುರುತಿದ್ದರೆ, ಬಿಚ್ಚಿ ನೋಡಿ ಪಡೆಯುವ ಹಕ್ಕನ್ನು 1989ರ ರೈಲ್ವೆ ಕಾಯ್ದೆ ಕೊಡುತ್ತದೆ. ಅದನ್ನು ಕೇಳಿ ಪಡೆಯಿರಿ. ನೋಟಿಸಿನ ಅವಧಿ ಸರಕನ್ನು ಒಪ್ಪಿಸಿದ ದಿನದಿಂದ ಆರು ತಿಂಗಳು, ವ್ಯಾಜ್ಯ ಹೋಗುವುದು ರೈಲ್ವೆ ಕ್ಲೇಮುಗಳ ನ್ಯಾಯಮಂಡಳಿಗೆ. ಅದರ ಪೀಠ ಬೆಂಗಳೂರಿನಲ್ಲಿದೆ. ಅಂತರರಾಷ್ಟ್ರೀಯ ವಿಮಾನ ಸಾಗಣೆಯಲ್ಲಿ ಸರಕು ಪಡೆದ 14 ದಿನಗಳೊಳಗೆ ಲಿಖಿತ ದೂರು ಹೋಗಬೇಕು.

ನವಮಂಗಳೂರು ಬಂದರಿನಿಂದ ಕಾಫಿ ಕಳುಹಿಸುವವರಿಗೆ ಸಮಯ ಇನ್ನೂ ಕಡಿಮೆ. ಸಮುದ್ರ ಸಾಗಣೆಯ 1925ರ ಕಾಯ್ದೆಯ ಬದಲಿಗೆ 2025ರಲ್ಲಿ ಹೊಸ ಕಾಯ್ದೆ ಬಂದಿದ್ದರೂ ಮೂಲ ನಿಯಮ ಹಾಗೆಯೇ ಇದೆ: ಹೊರಗೆ ಕಾಣದ ಹಾನಿಯ ನೋಟಿಸು ಸರಕು ಪಡೆದ ಮೂರು ದಿನಗಳೊಳಗೆ, ದಾವೆ ಒಂದು ವರ್ಷದೊಳಗೆ. ಕಂಟೇನರಿನ ವಿಷಯದಲ್ಲಿ ಪರಿಹಾರಕ್ಕಿಂತ ಮುನ್ನೆಚ್ಚರಿಕೆಯೇ ಹೆಚ್ಚು ಫಲ ಕೊಡುತ್ತದೆ. ಖಾಲಿ ಕಂಟೇನರ್ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಕಾಫಿ ಸಂಸ್ಕರಣಾ ಘಟಕಕ್ಕೆ, ಬಂದಾಗ ಒಬ್ಬರು ಒಳಗೆ ನಿಂತು, ಹೊರಗಿನಿಂದ ಬಾಗಿಲು ಮುಚ್ಚಿಸಿ ನೋಡಲಿ. ಕತ್ತಲೆಯಲ್ಲಿ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿಂದಲೇ ನೀರು ಬರುತ್ತದೆ, ಆ ಕಂಟೇನರನ್ನು ಹಿಂದಕ್ಕೆ ಕಳುಹಿಸಿ. ತೂತಿಲ್ಲದಿದ್ದರೂ ಬಿಸಿ ನಾಡಿನಿಂದ ಚಳಿ ನಾಡಿಗೆ ಹೋಗುವಾಗ ಒಳಗಿನ ತೇವ ಛಾವಣಿಗೆ ತಗುಲಿ ಹನಿಯಾಗಿ ಬೀಳುವುದುಂಟು. ಅದಕ್ಕಾಗಿ ಒಳಗೆ ಕ್ರಾಫ್ಟ್ ಕಾಗದ ಹೊದಿಸಿ ತೇವ ಹೀರುವ ಚೀಲಗಳನ್ನು ತೂಗುಹಾಕುತ್ತಾರೆ. ಚೀಲ ನೆನೆದಿದ್ದರೆ ಸರ್ವೇಯರು ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕುತ್ತಾರೆ. ಬಿಳಿ ಗಷ್ಟು ಕಂಡರೆ ಉಪ್ಪಿನಂಶವಿದೆ, ಸಮುದ್ರದ ನೀರು ಒಳಗೆ ಬಂದಿರಬಹುದು ಎಂದರ್ಥ. ಕಾಣದಿದ್ದರೆ ಮಳೆನೀರು ಅಥವಾ ಕಂಟೇನರಿನ ಬೆವರು. ಹಾನಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಆ ಒಂದು ಹನಿ ದಾರಿ ತೋರುತ್ತದೆ.

ಹಣ ಬರದಿದ್ದರೆ, ಹಣ ಬಂದರೆ

ನೋಟಿಸಿಗೆ ಉತ್ತರವಿಲ್ಲದಿದ್ದರೆ ದಾರಿಗಳು ಹಲವಿವೆ. ಸಿವಿಲ್ ದಾವೆಗೆ ಕಾಲಮಿತಿ ಮೂರು ವರ್ಷ. ಸ್ವಂತ ಬಳಕೆಗೆ ಅಥವಾ ಸ್ವಉದ್ಯೋಗದಿಂದ ಜೀವನೋಪಾಯ ನಡೆಸಲು ಸರಕು ತರಿಸಿಕೊಂಡವರು ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದೊಡ್ಡ ವ್ಯಾಪಾರದ ಸಾಗಣೆಯನ್ನು ಆಯೋಗ ವಾಣಿಜ್ಯ ಉದ್ದೇಶವೆಂದು ತಳ್ಳಿಹಾಕುವ ಸಂಭವವಿದೆ. ಹೆಚ್ಚಿನವರಿಗೆ ತಿಳಿಯದ ಮೂರನೆಯ ದಾರಿ ಖಾಯಂ ಲೋಕ ಅದಾಲತ್. ಸರಕು ಸಾಗಣೆಯೂ ವಿಮೆಯೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಸಾರ್ವಜನಿಕ ಉಪಯುಕ್ತ ಸೇವೆಗಳು. ನ್ಯಾಯಾಲಯಕ್ಕೆ ಹೋಗುವ ಮೊದಲು ಅಲ್ಲಿ ಅರ್ಜಿ ಕೊಡಬಹುದು, ರಾಜಿಯಾಗದಿದ್ದರೆ ಅದಾಲತ್ತೇ ತೀರ್ಮಾನಿಸಬಹುದು. ಹಾಸನ ಮತ್ತು ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗಳಲ್ಲಿ ವಿಚಾರಿಸಿದರೆ ಯಾವ ಅದಾಲತ್ತಿಗೆ ಅರ್ಜಿ ಹಾಕಬೇಕೆಂದು ತಿಳಿಸುತ್ತಾರೆ.

ವಿಮೆಯವರು ಹಣ ಕೊಟ್ಟರೆ, ಸಾರಿಗೆದಾರರಿಂದ ವಸೂಲಿ ಮಾಡುವ ನಿಮ್ಮ ಹಕ್ಕು 1963ರ ಸಾಗರ ವಿಮಾ ಕಾಯ್ದೆಯ ಪ್ರಕಾರ ಅವರಿಗೆ ವರ್ಗವಾಗುತ್ತದೆ. ಅದಕ್ಕಾಗಿಯೇ 16ನೇ ಕಲಮಿನ ನೋಟಿಸು ಕಳುಹಿಸಿದ್ದೀರಾ ಎಂದು ಅವರು ಕೇಳುತ್ತಾರೆ. ಕಳುಹಿಸದೆ ಆ ಹಕ್ಕನ್ನು ಕಳೆದಿದ್ದರೆ ಕ್ಲೇಮಿನ ಮೊತ್ತವನ್ನು ಕಡಿತಗೊಳಿಸುವುದುಂಟು. ವಿಮೆಯಿದೆಯೆಂದು ನೋಟಿಸನ್ನು ಬಿಡಬೇಡಿ.

ಸಾರಿಗೆದಾರರೇ ಸ್ವಲ್ಪ ಹಣ ಕೊಡಲು ಒಪ್ಪಿದಾಗ ‘ಪೂರ್ಣ ಮತ್ತು ಅಂತಿಮ’ ಎಂಬ ಪದಗಳಿರುವ ರಸೀದಿಯನ್ನು ಮುಂದಿಡುತ್ತಾರೆ. ಉಳಿದ ಹಣ ಬೇಕೆಂದಿದ್ದರೆ ಆ ಪದಗಳನ್ನು ಹೊಡೆದುಹಾಕಿ ‘ಭಾಗಶಃ ಪಾವತಿ’ ಎಂದು ಬರೆಯಿರಿ. ಒಪ್ಪದಿದ್ದರೆ ಚೆಕ್ ಹಿಂದಿರುಗಿಸಿ. ವಿಮೆಯಿದ್ದರೆ ವಿಮಾ ಕಂಪನಿಯನ್ನು ಕೇಳದೆ ಯಾವ ರಾಜಿಗೂ ಸಹಿ ಹಾಕಬೇಡಿ. ಬಾಕಿ ಬಾಡಿಗೆಯಿಂದ ನಷ್ಟವನ್ನು ನೀವೇ ಮುರಿದುಕೊಳ್ಳುವ ಅಭ್ಯಾಸವೂ ನಮ್ಮ ಕಡೆ ಉಂಟು. ಅವರ ಲಿಖಿತ ಒಪ್ಪಿಗೆಯಿಲ್ಲದೆ ಹಾಗೆ ಮಾಡಿದರೆ, ಮುಂದಿನ ಲೋಡನ್ನು ಬಾಡಿಗೆಯ ಬಾಕಿಗಾಗಿ ಅವರು ಗೋಡೌನಿನಲ್ಲೇ ತಡೆಹಿಡಿಯುತ್ತಾರೆ. ಹೊಂದಾಣಿಕೆ ಮಾಡಿಕೊಳ್ಳುವುದಾದರೆ ಯಾವ ಎಲ್‌ಆರ್‌ನ ನಷ್ಟ, ಯಾವ ಬಿಲ್ಲಿನ ಬಾಡಿಗೆ, ಎಷ್ಟು ಮೊತ್ತ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಅದನ್ನು ಡೆಲಿವರಿ ಪ್ರತಿಯ ಜೊತೆಗೇ ಪಿನ್ ಮಾಡಿಡಿ.